ಪಿನ್‌ಬಾಲ್: ಪರದೆಗಿಂತ ಮೊದಲು ಹಲಗೆಯನ್ನು ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಮತ್ತು ಹೊಸ ಪಿನ್‌ಬಾಲ್ ಯಂತ್ರಗಳನ್ನು ಹೋಲಿಸಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಳಿಜಾರು ಹಲಗೆಯ ಮೇಲೆ ಲೋಹದ ಗುಂಡನ್ನು ಹೊಡೆದು ಅಂಕ ಗಳಿಸುವ ಈ ಆಟಕ್ಕೆ ಒಂದಿಡೀ ಪುಟ ಸಿಕ್ಕಿದ್ದಕ್ಕೆ ಖುಷಿಯಾಯಿತು. ಆದರೆ ಅಲ್ಲಿ ಅಂಕ ಬಿದ್ದದ್ದು ಪರದೆಯ ಅಳತೆಗೆ, ಸ್ಪೀಕರ್‌ಗಳ ಅಬ್ಬರಕ್ಕೆ, ಅಲುಗಾಡುವ ಗೊಂಬೆಗಳಿಗೆ. ಗುಂಡು ಯಾವ ದಾರಿ ಹಿಡಿಯುತ್ತದೆ, ಎಷ್ಟು ವೇಗದಲ್ಲಿ ಯಾವ ಫ್ಲಿಪ್ಪರ್‌ಗೆ (ಗುಂಡನ್ನು ಚಿಮ್ಮಿಸುವ, ಹಲಗೆಯ ಕೆಳತುದಿಯ ತೋಳಿಗೆ) ಮರಳುತ್ತದೆ, ಮರಳಿದಾಗ ಆಟಗಾರ ಏನೇನು ಮಾಡಬಹುದು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಷ್ಟನ್ನೂ ಬಿಟ್ಟು ಎರಡು ಯಂತ್ರಗಳನ್ನು ತೂಗಿದರೆ ತೂಕ ತಪ್ಪುತ್ತದೆ.

ಯಂತ್ರವೊಂದನ್ನು ಅಳೆಯಲು ಹೊರಟವರು ಮೊದಲು ಆಟದ ಹಲಗೆಯನ್ನು ಸುಮ್ಮನೆ ನೋಡಬೇಕು. ಎಡ ಫ್ಲಿಪ್ಪರ್‌ನ ತುದಿಯಿಂದ ಹೊರಟ ಗುಂಡು ಬಲಕ್ಕೆ ಹೋಗುತ್ತದೆ. ಬುಡದ ಹತ್ತಿರ ಸಿಕ್ಕ ಗುಂಡು ಎಡಕ್ಕೇ ತಿರುಗುತ್ತದೆ. ಇದನ್ನು ಬ್ಯಾಕ್‌ಹ್ಯಾಂಡ್ ಎನ್ನುತ್ತಾರೆ. ತುದಿಗೆ ಬಂದ ಗುಂಡನ್ನು ಫ್ಲಿಪ್ಪರ್ ಮೇಲೇಳುವ ಆರಂಭದಲ್ಲೇ ಚಿಮ್ಮಿಸಿಬಿಡುತ್ತದೆ, ಬುಡದಲ್ಲಿರುವ ಗುಂಡನ್ನು ಕೊನೆಯವರೆಗೂ ತಳ್ಳಿಕೊಂಡು ಹೋಗುತ್ತದೆ, ಹಾಗಾಗಿ ಈ ವ್ಯತ್ಯಾಸ. ಒಂದು ರ‍್ಯಾಂಪ್‌ಗೆ (ಗುಂಡು ಹತ್ತಿ ಹೋಗುವ ಏರುದಾರಿಗೆ) ಎರಡೂ ಫ್ಲಿಪ್ಪರ್‌ಗಳಿಂದ ಗುರಿಯಿಡಬಹುದೇ, ಒಂದರಿಂದ ಮಾತ್ರವೇ ಎಂದು ನೋಡಿಕೊಂಡರೆ ಆ ಹಲಗೆಯ ಅರ್ಧ ಸ್ವಭಾವ ಗೊತ್ತಾಗುತ್ತದೆ. ಆಮೇಲೆ ವಾಪಸಾತಿ. ರ‍್ಯಾಂಪ್ ಹತ್ತಿದ ಗುಂಡು ತಂತಿಯ ದಾರಿಯಲ್ಲಿ ಇಳಿದು ಇನ್‌ಲೇನ್ ಎಂಬ ಬದಿಯ ಓಣಿಯ ಮೂಲಕ ಫ್ಲಿಪ್ಪರ್‌ಗೆ ಬಂದರೆ ಮುಂದಿನ ಹೊಡೆತಕ್ಕೆ ಸಮಯ ಸಿಗುತ್ತದೆ. ನೇರ ನಿಂತ ಟಾರ್ಗೆಟ್‌ಗೆ ಬಡಿದದ್ದು ಎತ್ತ ಸಿಡಿಯುತ್ತದೆಂದು ಹೇಳಲಾಗದು, ಬಹಳ ಸಲ ಎರಡು ಫ್ಲಿಪ್ಪರ್‌ಗಳ ನಡುವಿನ ಕಂದಕಕ್ಕೇ ಬಿದ್ದು ಕಳೆದುಹೋಗುತ್ತದೆ. ಸುರಕ್ಷಿತ ಹೊಡೆತ ಮತ್ತು ಅಪಾಯದ ಹೊಡೆತ ಎಂಬ ಭೇದ ಹುಟ್ಟುವುದೇ ಇಲ್ಲಿ. ಒಳ್ಳೆಯ ನಿಯಮಾವಳಿ ಅಪಾಯದ ಹೊಡೆತಕ್ಕೆ ಹೆಚ್ಚು ಅಂಕ ಇಡುತ್ತದೆ. ಸುರಕ್ಷಿತ ರ‍್ಯಾಂಪ್ ಒಂದನ್ನೇ ಹತ್ತಿ ಹತ್ತಿ ಗೆಲ್ಲಬಹುದಾದರೆ ಉಳಿದ ಗುರಿಗಳೆಲ್ಲ ಬರೀ ಅಲಂಕಾರ.

1995ರ ಅಟ್ಯಾಕ್ ಫ್ರಮ್ ಮಾರ್ಸ್ ಯಂತ್ರ ಇದಕ್ಕೆ ಒಳ್ಳೆಯ ಉದಾಹರಣೆ. ವಿನ್ಯಾಸಕ ಬ್ರಯಾನ್ ಎಡ್ಡಿ ಅದರ ಗುರಿಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿದ್ದಾರೆ, ನಡುವೆ ಹಾರುವ ತಟ್ಟೆ. ತಟ್ಟೆಯ ಮುಂದೆ ಮೂರು ಟಾರ್ಗೆಟ್‌ಗಳ ಸಾಲು. ಮೂರನ್ನೂ ಹೊಡೆದರೆ ಮೋಟಾರ್ ಆ ಸಾಲನ್ನು ಕೆಳಗಿಳಿಸುತ್ತದೆ, ಆಗ ತಟ್ಟೆಗೇ ಹೊಡೆಯಬಹುದು. ತಟ್ಟೆ ನಡುಗುತ್ತದೆ, ದೀಪಗಳು ಮಿಂಚುತ್ತವೆ, ಮಂಗಳವಾಸಿಗಳು ಕುಣಿಯುತ್ತವೆ. ದೃಶ್ಯವೈಭವಕ್ಕೆ ಇಲ್ಲಿ ಏನೂ ಕಡಿಮೆಯಿಲ್ಲ. ಆದರೆ ಆ ಸಾಲು ಹಲಗೆಯ ನಟ್ಟನಡುವೆ ಇರುವುದರಿಂದ ಅದಕ್ಕೆ ಹೊಡೆದ ಗುಂಡು ನೇರವಾಗಿ ಕಂದಕದತ್ತ ಮರಳಬಹುದು, ಪಕ್ಕದ ರ‍್ಯಾಂಪ್‌ಗಳಿಗೆ ಹೊಡೆದದ್ದು ಸಲೀಸಾಗಿ ಇಳಿದು ಬರುತ್ತದೆ. ನಿಯಮ ಗೊತ್ತಿಲ್ಲದವನಿಗೂ ಏನು ಮಾಡಬೇಕೆಂದು ಕಾಣುತ್ತದೆ, ಅದರ ಬೆಲೆಯೇನೆಂದು ಎರಡು ಗುಂಡು ಕಳೆದುಕೊಂಡ ಮೇಲೆ ತಿಳಿಯುತ್ತದೆ. ಎಡ್ಡಿಯವರೇ 1997ರಲ್ಲಿ ವಿನ್ಯಾಸಗೊಳಿಸಿದ ಮೆಡೀವಲ್ ಮ್ಯಾಡ್‌ನೆಸ್‌ನ ಕೋಟೆಯೂ ಹಾಗೇ: ಮೊದಲು ಎತ್ತುವ ಸೇತುವೆ, ಆಮೇಲೆ ಬಾಗಿಲು, ಆಮೇಲೆ ಒಳಗೆ. ಎರಡಕ್ಕೂ ತಂತ್ರಾಂಶ ಬರೆದವರು ಲೈಮನ್ ಶೀಟ್ಸ್. ಇಲ್ಲಿ ಗೊಂಬೆಯೇ ಗುರಿ, ಗುರಿಯೇ ನಿಯಮ. ಆಟ ಮತ್ತು ಆಡಂಬರ ಎಂದು ಎರಡು ಪಟ್ಟಿ ಮಾಡಿ ಅಂಕ ಹಂಚಲು ಇಂಥ ಯಂತ್ರಗಳು ಅವಕಾಶವನ್ನೇ ಕೊಡುವುದಿಲ್ಲ.

1992ರ ದಿ ಆಡಮ್ಸ್ ಫ್ಯಾಮಿಲಿಯ ಮಾತು ಸ್ವಲ್ಪ ಬೇರೆ. 20,270 ಯಂತ್ರಗಳು ಮಾರಾಟವಾದ ಈ ಆಟದಲ್ಲಿ ಪೆಟ್ಟಿಗೆಯಿಂದ ಒಂದು ಕೈ ಹೊರಬಂದು ಗುಂಡನ್ನು ಎತ್ತಿಕೊಂಡು ಹೋಗುತ್ತದೆ. ಜನರನ್ನು ಸೆಳೆದದ್ದು ಆ ಕೈಯೇ ಇರಬಹುದು. ಆದರೆ ಆಟದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ಹಲಗೆಯ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಕೂತ ಆಯಸ್ಕಾಂತಗಳು. ಅವು ಚಾಲೂ ಆದಾಗ ನೇರ ಹೋಗಬೇಕಾದ ಗುಂಡು ವಕ್ರವಾಗುತ್ತದೆ, ಅಭ್ಯಾಸದ ಲೆಕ್ಕ ಕೆಲಸ ಮಾಡುವುದಿಲ್ಲ. ಅದೃಷ್ಟದ ಪಾಲು ಹೆಚ್ಚಾಯಿತೆಂದು ಕೆಲವರು ದೂರುತ್ತಾರೆ. ನನ್ನ ಮಟ್ಟಿಗೆ ಅದು ಸರಿಯಾದ ವಿನ್ಯಾಸ, ಏಕೆಂದರೆ ನಿಗದಿತ ಹೊತ್ತಿನಲ್ಲಷ್ಟೇ ಆಯಸ್ಕಾಂತ ಚಾಲೂ ಆಗುತ್ತದೆ, ಆಟಗಾರ ಮೊದಲೇ ಸಿದ್ಧನಾಗಬಹುದು.

ಇನ್ನು ಪರದೆ. ಗುಂಡು ಹಲಗೆಯ ಮೇಲಿರುವಾಗ ಆಟಗಾರನ ಕಣ್ಣು ಹಲಗೆಯಿಂದ ಏಳುವುದಿಲ್ಲ, ಎದ್ದರೆ ಗುಂಡು ಹೋಯಿತು. ಪರದೆಯತ್ತ ನೋಡಲು ಬಿಡುವು ಸಿಗುವುದು ಗುಂಡು ಯಾವುದೋ ಗುಂಡಿಯಲ್ಲಿ ಸಿಕ್ಕಿಕೊಂಡಾಗ, ಫ್ಲಿಪ್ಪರ್ ಎತ್ತಿ ಹಿಡಿದು ಗುಂಡನ್ನು ನಿಲ್ಲಿಸಿದಾಗ, ಇಲ್ಲವೇ ಒಂದು ಗುಂಡು ಮುಗಿದು ಇನ್ನೊಂದು ಬರುವಾಗ. 128 ಅಡ್ಡ, 32 ಉದ್ದದ ಚುಕ್ಕಿಗಳ ಹಳೆಯ ಡಾಟ್ ಮ್ಯಾಟ್ರಿಕ್ಸ್ ಫಲಕದಲ್ಲಿ ಜಾಗವೇ ಇಲ್ಲದ ಕಾರಣ ದೊಡ್ಡ ಅಕ್ಷರದ ಎರಡು ಪದ ಬರೆಯುವುದು ಅನಿವಾರ್ಯವಾಗಿತ್ತು, ಒಂದು ನೋಟಕ್ಕೆ ವಿಷಯ ತಲೆಗೆ ಹೋಗುತ್ತಿತ್ತು. 2013ರಲ್ಲಿ ಜರ್ಸಿ ಜಾಕ್ ಸಂಸ್ಥೆಯ ದಿ ವಿಝರ್ಡ್ ಆಫ್ ಓಝ್ 26 ಇಂಚಿನ ಬಣ್ಣದ ಪರದೆ ತಂದಿತು, 2016ರಲ್ಲಿ ಸ್ಟರ್ನ್ ಸಂಸ್ಥೆ ಕೂಡ ಬ್ಯಾಟ್‌ಮ್ಯಾನ್ 66ರೊಂದಿಗೆ ಎಲ್‌ಸಿಡಿಗೆ ಬಂತು. ಇವುಗಳಲ್ಲಿ ಚಿತ್ರ ಸುಂದರ, ನಿಂತು ನೋಡುವವರಿಗೆ ಹಬ್ಬ. ಆದರೆ ಉಳಿದ ಸಮಯ, ಬಾಕಿ ಹೊಡೆತ, ಈಗಿನ ಜಾಕ್‌ಪಾಟ್ ಮೊತ್ತ ಈ ಮೂರು ಪರದೆಯ ಒಂದೇ ಮೂಲೆಯಲ್ಲಿ, ಸ್ಥಾನ ಬದಲಿಸದೆ, ದಪ್ಪ ಅಕ್ಷರದಲ್ಲಿ ಇವೆಯೇ? ಲೇಖಕರು ಇಂಚು ಅಳೆಯುವ ಬದಲು ಇದನ್ನು ನೋಡಬೇಕಿತ್ತು.

ಪರದೆಯ ಮೋಹ ಹಲಗೆಯನ್ನೇ ನುಂಗಿದ ಉದಾಹರಣೆಯೂ ಇದೆ. 1999ರಲ್ಲಿ ವಿಲಿಯಮ್ಸ್ ಸಂಸ್ಥೆ ಪಿನ್‌ಬಾಲ್ 2000 ಎಂಬ ವ್ಯವಸ್ಥೆಯಲ್ಲಿ ಎರಡು ಆಟ ತಂದಿತು. ಮೇಲಿನ ಪೆಟ್ಟಿಗೆಯಲ್ಲಿ ಕೆಳಮುಖವಾಗಿ ಕೂರಿಸಿದ ಮಾನಿಟರ್, ಅದರ ಚಿತ್ರ ಹಲಗೆಯ ಮೇಲಿನ ಗಾಜಿನಲ್ಲಿ ಪ್ರತಿಫಲಿಸಿ, ಪಾತ್ರಗಳು ಹಲಗೆಯ ಮೇಲೇ ನಿಂತಂತೆ ಕಾಣುತ್ತಿದ್ದವು. ಜಾಣ ಕಲ್ಪನೆ, ಅದನ್ನು ಮೆಚ್ಚಲೇಬೇಕು. ಆದರೆ ಚಿತ್ರ ಕಾಣಬೇಕಾದ ಹಿಂಬದಿಯಲ್ಲಿ ಎತ್ತರದ ರ‍್ಯಾಂಪ್‌ಗಳನ್ನಾಗಲಿ ಗೊಂಬೆಗಳನ್ನಾಗಲಿ ಇಡುವಂತಿರಲಿಲ್ಲ. ಹಾಗಾಗಿ ಹೆಚ್ಚಿನ ಕೆಲಸ ನಡುವಿನ ಗುರಿಗಳ ಮೇಲೇ ಬಿತ್ತು, ಹೊಡೆತಗಳ ವೈವಿಧ್ಯ ಕುಗ್ಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಸ್ಥೆ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು.

ಹಾಗೆಂದು ಬೆಳಕು, ಸದ್ದು ಬೇಡವೆಂದಲ್ಲ. ಹಲಗೆಯಲ್ಲಿ ಹುದುಗಿಸಿದ ಬಾಣದ ದೀಪ ನಿಯಮದ ಭಾಗವೇ ಆಗಿದೆ. ಈಗಿನ ಬಣ್ಣ ಬದಲಿಸುವ ಎಲ್‌ಇಡಿಗಳಲ್ಲಿ ಒಂದು ತೊಂದರೆ: ಮೂರು ಸವಾಲು ಒಟ್ಟಿಗೆ ನಡೆಯುವಾಗ ಒಂದೇ ಬಾಣ ಮೂರು ಬಣ್ಣಗಳಲ್ಲಿ ಸರದಿಯಂತೆ ಮಿನುಗುತ್ತದೆ, ಯಾವುದಕ್ಕೆ ಹೊಡೆಯಬೇಕೆಂದು ಓದುವಷ್ಟರಲ್ಲಿ ಗುಂಡು ಫ್ಲಿಪ್ಪರ್ ದಾಟಿರುತ್ತದೆ. ಸದ್ದಂತೂ ಕಣ್ಣಿಗೆ ಬಿಡುವು ಕೊಡುತ್ತದೆ. ಹಳೆಯ ಎಲೆಕ್ಟ್ರೋ ಮೆಕ್ಯಾನಿಕಲ್ ಯಂತ್ರಗಳಲ್ಲಿ 10, 100, 1,000 ಅಂಕಗಳಿಗೆ ಬೇರೆ ಬೇರೆ ಸ್ವರದ ಗಂಟೆಗಳಿದ್ದವು, ತಲೆಯೆತ್ತದೆಯೇ ಲೆಕ್ಕ ಸಿಗುತ್ತಿತ್ತು. 1979ರ ಗೋರ್ಗರ್, ಮಾತಾಡಿದ ಮೊದಲ ಪಿನ್‌ಬಾಲ್ ಯಂತ್ರ, ಏಳೇ ಪದಗಳಲ್ಲಿ ಕೆಲಸ ಮುಗಿಸಿತು. ಇಂದು ಗಂಟೆಗಟ್ಟಲೆ ಧ್ವನಿಮುದ್ರಿಕೆ ತುಂಬಿದ ಯಂತ್ರವೂ ‘ಎಡ ರ‍್ಯಾಂಪ್‌ಗೆ ಹೊಡೆ’ ಎಂದು ಸರಿಯಾದ ಹೊತ್ತಿಗೆ ಹೇಳದಿದ್ದರೆ ಆ ಧ್ವನಿ ವ್ಯರ್ಥ.

ಲೇಖನದ ಇನ್ನೊಂದು ಮಾತಿಗೆ ನನ್ನ ಬಲವಾದ ತಕರಾರಿದೆ. ಒಂದು ಯಂತ್ರದ ರ‍್ಯಾಂಪ್ ‘ಹತ್ತಲಾಗದಷ್ಟು ಕಡಿದು’ ಎಂದು ಬರೆದು ವಿನ್ಯಾಸವನ್ನೇ ದೂರಿದ್ದಾರೆ. ಅಂಥ ತೀರ್ಪಿಗೆ ಮುಂಚೆ ಯಂತ್ರದ ಸ್ಥಿತಿ ಪರೀಕ್ಷಿಸಬೇಕು. ಈಗಿನ ಯಂತ್ರಗಳ ಹಲಗೆಗೆ ಸುಮಾರು 6.5 ಡಿಗ್ರಿ ಇಳಿಜಾರು ಬೇಕು. ಅದನ್ನು ಕಾಲಿನ ತಿರುಪಿನಿಂದ ಹೊಂದಿಸುತ್ತಾರೆ, ಅಳೆಯುವಾಗ ಮಟ್ಟಗೋಲನ್ನು ಗಾಜಿನ ಮೇಲಲ್ಲ, ಹಲಗೆಯ ಮೇಲೇ ಇಡಬೇಕು. ಇಳಿಜಾರು ಕಡಿಮೆಯಾದರೆ ಗುಂಡು ತೇಲಿದಂತೆ ನಿಧಾನ, ಹೆಚ್ಚಾದರೆ ರ‍್ಯಾಂಪ್‌ನ ಅರ್ಧಕ್ಕೇ ಸುಸ್ತು. ಅಡ್ಡಮಟ್ಟ ತಪ್ಪಿದರೆ ಒಂದು ಬದಿಯ ಔಟ್‌ಲೇನ್ (ಗುಂಡನ್ನು ಆಟದಿಂದ ಹೊರಗೊಯ್ಯುವ ಅಂಚಿನ ಓಣಿ) ಗುಂಡುಗಳನ್ನು ನುಂಗುತ್ತಲೇ ಇರುತ್ತದೆ. ಇಳಿಜಾರು ಸರಿಯಿದ್ದೂ ಗುಂಡು ಹತ್ತದಿದ್ದರೆ ರ‍್ಯಾಂಪ್‌ನ ಬಾಯಲ್ಲಿರುವ ತೆಳು ಲೋಹದ ಪಟ್ಟಿ ಎದ್ದಿದೆಯೇ ನೋಡಿ, ಎದ್ದಿದ್ದರೆ ಗುಂಡು ಅಲ್ಲೇ ನೆಗೆದು ವೇಗ ಕಳೆದುಕೊಳ್ಳುತ್ತದೆ. ಆಮೇಲೆ ಫ್ಲಿಪ್ಪರ್. ಅದರ ಕಾಯಿಲ್‌ನಲ್ಲಿ ಬಲವಾಗಿ ಎಳೆಯುವ ಸುರುಳಿ, ಎತ್ತಿ ಹಿಡಿಯುವ ಸುರುಳಿ ಎಂದು ಎರಡಿರುತ್ತವೆ. ಹಳೆಯ ಯಂತ್ರಗಳಲ್ಲಿ ಫ್ಲಿಪ್ಪರ್ ಪೂರ್ತಿ ಮೇಲೇರಿದಾಗ ಒಂದು ಸ್ವಿಚ್ ತೆರೆದುಕೊಂಡು ಬಲದ ಸುರುಳಿಯನ್ನು ಬಿಡಿಸುತ್ತದೆ. ಆ ಸ್ವಿಚ್ಚಿನ ಸಂಪರ್ಕಬಿಂದು ಸುಟ್ಟು ಕಪ್ಪಾಗಿದ್ದರೆ, ಇಲ್ಲವೇ ಬೇಗನೆ ತೆರೆದುಕೊಂಡರೆ ಹೊಡೆತಕ್ಕೆ ಶಕ್ತಿಯೇ ಇರದು. ಸವೆದ ಜೋಡಣೆ, ಕಾಯಿಲ್ ಒಳಗಿನ ಕೊಳವೆಯಲ್ಲಿ ಕೂತ ಕಪ್ಪು ಧೂಳು, ಗಟ್ಟಿಯಾದ ರಬ್ಬರ್ ಇವೂ ಹೊಡೆತವನ್ನು ಕೆಡಿಸುತ್ತವೆ.

ನಿಯಮಗಳ ವಿಷಯದಲ್ಲೂ ಇದೇ ಮೋಸ. ಹೊಡೆತವನ್ನು ಗುರುತಿಸುವ ಒಂದು ಸ್ವಿಚ್ ಸತ್ತರೆ ಆ ಹೊಡೆತ ಲೆಕ್ಕಕ್ಕೇ ಬರುವುದಿಲ್ಲ, ‘ಈ ಸವಾಲು ಎಂದೂ ಮುಗಿಯದು’ ಎನಿಸುತ್ತದೆ. 1990ರ ದಶಕದ ವಿಲಿಯಮ್ಸ್, ಬ್ಯಾಲಿ ಯಂತ್ರಗಳಲ್ಲಿ ಕ್ರೆಡಿಟ್ (ಬಾಕಿ ಆಟಗಳ) ಸಂಖ್ಯೆಯ ಪಕ್ಕ ಒಂದು ಚುಕ್ಕಿ ಕಂಡರೆ ದೋಷ ದಾಖಲಾಗಿದೆ ಎಂದರ್ಥ. ಆಡುವ ಮೊದಲೇ ಅದನ್ನು ನೋಡಿಕೊಳ್ಳಬಹುದು.

ಗುರಿಯಿಟ್ಟು ಹೊಡೆಯುವುದರಲ್ಲೇ ಈ ಆಟದ ಮಾನ ಉಳಿದಿದೆ. ಪಿನ್‌ಬಾಲನ್ನು ಜೂಜೆಂದು 1942ರಿಂದ ನಿಷೇಧಿಸಿದ್ದ ನ್ಯೂಯಾರ್ಕ್ ನಗರದಲ್ಲಿ 1976ರಲ್ಲಿ ಆಟಗಾರ ರೋಜರ್ ಶಾರ್ಪ್ ನಗರಸಭೆಯವರ ಮುಂದೆ ಆಡಿ, ಗುಂಡು ಯಾವ ಲೇನಿಗೆ ಹೋಗುತ್ತದೆಂದು ಮೊದಲೇ ಹೇಳಿ ಹಾಗೆಯೇ ಹೊಡೆದು ತೋರಿಸಿದರು, ನಿಷೇಧ ತೆರವಾಯಿತು. ಮುಂದಿನ ಸಲ ಹೋಲಿಕೆ ಪ್ರಕಟಿಸುವಾಗ ಪ್ರತಿ ಯಂತ್ರದ ಪಕ್ಕದಲ್ಲಿ ಇಷ್ಟನ್ನು ದಯವಿಟ್ಟು ನಮೂದಿಸಿ: ಆಡಿದ ದಿನದ ಇಳಿಜಾರು, ರಬ್ಬರ್ ಮತ್ತು ಫ್ಲಿಪ್ಪರ್‌ಗಳ ಸ್ಥಿತಿ, ತಂತ್ರಾಂಶದ ಆವೃತ್ತಿ, ಔಟ್‌ಲೇನ್ ಬಾಯಿಯ ಅಗಲ ಹೊಂದಿಸುವ ಕಂಬ ಯಾವ ರಂಧ್ರದಲ್ಲಿತ್ತು ಎಂಬುದು. ಆ ಕಂಬವನ್ನು ಒಂದು ರಂಧ್ರ ಮೇಲೆ ಕೆಳಗೆ ಸರಿಸಿದರೂ ಅದೇ ಯಂತ್ರ ಉದಾರಿಯೋ ಕ್ರೂರಿಯೋ ಆಗಿಬಿಡುತ್ತದೆ.

ಇಂತಿ,
ಒಬ್ಬ ಪಿನ್‌ಬಾಲ್ ಆಸಕ್ತ ಓದುಗ