ಬೈಗುಳದ ತೂಕ

ಪ್ರಿಯ ಕಿರಿಯ ಮಿತ್ರರೇ,

ನೀವು ಅನುವಾದಿಸಿದ ಲಂಡನ್ ಸಂತೆಬೀದಿಯ ಕಥೆಯನ್ನು ಎರಡು ಸಲ ಓದಿದೆ. ತರಕಾರಿ ಮಾರುವ ಅಣ್ಣ, ಚಿಲ್ಲರೆಯನ್ನು ತಪ್ಪಾಗಿ ಎಣಿಸಿ ಕೊಟ್ಟ ತಮ್ಮನನ್ನು 'ಪ್ಲಾಂಕರ್' ಎಂದು ಗದರುವಲ್ಲಿ ನೀವು 'ನೀಚ' ಎಂದು ಬರೆದಿದ್ದೀರಿ. ಆ ಒಂದೇ ಪದದಿಂದ ಅಕ್ಕರೆಯ ಅಣ್ಣ ಕ್ರೂರಿಯಾಗಿಬಿಟ್ಟಿದ್ದಾನೆ. ಆಡುಮಾತಿನಲ್ಲಿ 'ಪ್ಲಾಂಕರ್'ಗೆ ಗಂಡಿನ ಗುಪ್ತಾಂಗ ಎಂಬ ಅರ್ಥವೂ ಇರುವುದನ್ನು ನಿಘಂಟಿನಲ್ಲಿ ಕಂಡು ನೀವು ಹೆದರಿರಬೇಕು. ಆದರೆ 1981ರಲ್ಲಿ ಬಿಬಿಸಿಯಲ್ಲಿ ಆರಂಭವಾದ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ಹಾಸ್ಯ ಧಾರಾವಾಹಿಯಲ್ಲಿ ಡೆಲ್ ಬಾಯ್ ತನ್ನ ತಮ್ಮ ರಾಡ್ನಿಯನ್ನು ಹೀಗೆ ಕರೆದೂ ಕರೆದೂ, ಆ ಮಾತು ಮನೆಮಂದಿಯೆಲ್ಲ ಕೂತು ನಗುವಂಥದ್ದಾಯಿತು. ನಮ್ಮ 'ಬೆಪ್ಪುತಕ್ಕಡಿ' ಅದಕ್ಕೆ ಸಾಕು.

'ಪಿಲಕ್', 'ಪ್ರ್ಯಾಟ್' ಪದಗಳದ್ದೂ ಇದೇ ಕಥೆ. ಮೊದಲನೆಯದರ ಹಿಂದೆ ಗುಪ್ತಾಂಗವನ್ನೇ ಸೂಚಿಸುವ 'ಪಿಲಿಕಾಕ್' ಎಂಬ ಹಳೆಯ ಪದವಿದೆ, ಎರಡನೆಯದಕ್ಕೆ ಮೂಲದಲ್ಲಿ ಕುಂಡೆ ಎಂಬ ಅರ್ಥ. ಇಂದು ಎರಡೂ ಬರಿಯ ಪೆದ್ದುತನವನ್ನಷ್ಟೇ ಹೇಳುತ್ತವೆ.

ನನ್ನನ್ನು ಬಹುಕಾಲ ಕಾಡಿದ್ದು, ಪೆದ್ದ ಎಂದೇ ಅರ್ಥವಿರುವ 'ಬರ್ಕ್'. ಪೂರ್ವ ಲಂಡನ್ನಿನ ಕಾಕ್ನಿ ಜನರು ಒಂದು ಪದದ ಬದಲು ಅದಕ್ಕೆ ಪ್ರಾಸವಾಗುವ ಜೋಡಿಪದವನ್ನು ಹೇಳಿ, ಬರುಬರುತ್ತಾ ಪ್ರಾಸ ಕೂಡಿಸಿದ ತುದಿಯನ್ನೇ ನುಂಗಿಬಿಡುವುದುಂಟು. ಮೆಟ್ಟಿಲಿಗೆ, ಅಂದರೆ 'ಸ್ಟೇರ್ಸ್'ಗೆ, 'ಆಪಲ್ಸ್ ಅಂಡ್ ಪೇರ್ಸ್' ಎಂದು ಹೇಳಿ, ಕೊನೆಗೆ ಬರೀ 'ಆಪಲ್ಸ್' ಎಂದು ಉಳಿಸಿಕೊಂಡಂತೆ. 'ಬರ್ಕ್' ಕೂಡ ಒಂದು ಬೇಟೆಯ ತಂಡದ ಹೆಸರಿನ ಮೊದಲ ತುಂಡು. ಬಿಟ್ಟುಹೋದ 'ಹಂಟ್' ಎಂಬ ತುದಿ ಇಂಗ್ಲಿಷಿನ ಅತ್ಯಂತ ಅಶ್ಲೀಲ ಪದವೊಂದಕ್ಕೆ ಪ್ರಾಸವಾಗುತ್ತದೆ. ಪ್ರಾಸ ಕಳಚಿದ್ದರಿಂದ ಹೊಲಸೂ ಮರೆಯಾಯಿತು, ಅದನ್ನು ಆಡುವ ಎಷ್ಟೋ ಸಭ್ಯರಿಗೆ ತಾವು ಏನನ್ನು ಮುಚ್ಚಿಟ್ಟು ನುಡಿಯುತ್ತಿದ್ದೇವೆ ಎಂಬುದೇ ತಿಳಿದಿರುವುದಿಲ್ಲ. ಮೂಲವನ್ನು ನೀವು ತಿಳಿದಿರಲೇಬೇಕು; ಆದರೆ ಅನುವಾದದಲ್ಲಿ ತೂಗಬೇಕಾದದ್ದು ಆ ಪಾತ್ರದ ಕಿವಿಗೆ ಇಂದು ಅದು ಎಷ್ಟು ನಾಟುತ್ತದೆ ಎಂಬುದನ್ನು.

ಇನ್ನು ಕೊನೆಯ ಪುಟ. ಬಾಡಿಗೆ ಏರಿಸಿದ ಮನೆಯೊಡೆಯನನ್ನು ತಮ್ಮ 'ಓಲ್ಡ್ ಗಿಟ್' ಎನ್ನುವಲ್ಲಿ ನೀವು 'ಪೆದ್ದ ಮುದುಕ' ಎಂದಿದ್ದೀರಿ, ಇಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. ಹಡೆದ ಕೂಸನ್ನು, ಅದರಲ್ಲೂ ಹಾದರದ ಕೂಸನ್ನು ಹಂಗಿಸುತ್ತಿದ್ದ 'ಗೆಟ್' ಎಂಬ ಪದದಿಂದ ಬಂದ 'ಗಿಟ್' ದಡ್ಡತನವನ್ನು ಆಡಿಕೊಳ್ಳುವುದಿಲ್ಲ, ಮನುಷ್ಯನ ಕೆಟ್ಟ ಗುಣವನ್ನು ಹಳಿಯುತ್ತದೆ. ಆ ಮುದುಕ ಪೆದ್ದನಲ್ಲ, ಲೆಕ್ಕದಲ್ಲಿ ಬಲು ಚುರುಕು. 'ದರಿದ್ರ ಮುದುಕ' ಎಂದು ತಿದ್ದಿ, ಆ ಪುಟವನ್ನು ನನಗೆ ಮತ್ತೊಮ್ಮೆ ಕಳುಹಿಸಿ.

ನಿಮ್ಮ ಹಿರಿಯ ಮಿತ್ರ