ಅಕ್ವೇರಿಯಂ ಪೂರ್ತಿ ಖಾಲಿ ಮಾಡಬೇಡಿ, ವಾರಕ್ಕೊಂದು ಬಕೆಟ್ ನೀರು ಬದಲಿಸಿದರೆ ಸಾಕು

ಮಾನ್ಯ ಸಂಪಾದಕರೇ,

ಮನೆಯಲ್ಲಿ ಅಕ್ವೇರಿಯಂ ಇಟ್ಟವರು ತಿಂಗಳಿಗೊಮ್ಮೆ ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ನೀರು ಪೂರ್ತಿ ಚೆಲ್ಲಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಮತ್ತೆ ತುಂಬಿಸಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಎಷ್ಟೋ ಅಂಗಡಿಗಳಲ್ಲಿ ಮೀನಿನ ಜೊತೆಗೆ ಇದೇ ಸಲಹೆ ಕೊಟ್ಟು ಕಳಿಸುತ್ತಾರೆ. ತೊಳೆದ ಮೂರು ನಾಲ್ಕು ದಿನಕ್ಕೆ ಮೀನುಗಳು ಒಂದೊಂದಾಗಿ ಸಾಯತೊಡಗುತ್ತವೆ. ಅರ್ಧ ದಿನ ತಿನ್ನುವ ಈ ಕೆಲಸಕ್ಕೆ ಬೇಸತ್ತು ಕೊನೆಗೆ ತೊಟ್ಟಿಯೇ ಅಟ್ಟ ಸೇರುತ್ತದೆ. ಈ ವಿಧಾನದಲ್ಲಿ ಶ್ರಮ ಹೆಚ್ಚು ಎಂಬುದಕ್ಕಿಂತ ಮುಖ್ಯವಾದ ಮಾತು, ವಿಧಾನವೇ ತಪ್ಪು.

ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲೆರಡೂ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆದರೆ ತೊಟ್ಟಿಯಲ್ಲೇ ಸೇರುತ್ತಾ ಹೋಗುತ್ತದೆ. ಅದನ್ನು ಹೊರಹಾಕುವುದಕ್ಕೇ ನೀರು ಬದಲಿಸಬೇಕಾಗಿರುವುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಇರುವುದು ಬಹಳ ಕಡಿಮೆ, ಫಿಲ್ಟರ್‌ನ ಸ್ಪಂಜಿಗೂ ಕಲ್ಲುಗಳಿಗೂ ಅಂಟಿಕೊಂಡಿರುತ್ತವೆ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಅವನ್ನು ತಿಕ್ಕಿ ತೊಳೆದರೆ ಮೀನು ಕಾಯುವ ಬ್ಯಾಕ್ಟೀರಿಯಾವನ್ನೇ ಕೊಂದಂತೆ. ನೀರು ಫಳಫಳ ಹೊಳೆಯುತ್ತಿದ್ದರೂ ಅಮೋನಿಯಾ ಏರುತ್ತಿರುತ್ತದೆ.

ಹಾಗಾಗಿ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಮೀನುಗಳು ತೊಟ್ಟಿಯಲ್ಲೇ ಇರಲಿ. ಎಷ್ಟು ನೀರು ಎಂಬ ಲೆಕ್ಕ ಸುಲಭ. ತೊಟ್ಟಿಯ ಉದ್ದ, ಅಗಲವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಒಂದು ಸೆಂ.ಮೀ. ಎತ್ತರಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಸಾಮಾನ್ಯ ತೊಟ್ಟಿಗೆ, ಅಂದರೆ 60 x 30ಕ್ಕೆ, ಅದು 1.8 ಲೀಟರ್. ಒಂದಡಿ ಎತ್ತರದ ಈ ತೊಟ್ಟಿಯಲ್ಲಿ ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರಿರುತ್ತದೆ. ಆರು ಸೆಂ.ಮೀ. ಇಳಿಸಿದರೆ ಹತ್ತಿರ ಹತ್ತಿರ 11 ಲೀಟರ್, ಅದೇ ಕಾಲು ಭಾಗ. ಹಿಂಬದಿಯ ಗಾಜಿನ ಮೇಲೆ ಆ ಮಟ್ಟಕ್ಕೆ ಟೇಪ್ ಅಂಟಿಸಿಬಿಟ್ಟರೆ ಪ್ರತಿ ವಾರ ಅಳೆಯುವ ಕಷ್ಟವಿಲ್ಲ.

ಚೊಂಬಿನಲ್ಲಿ ಮೊಗೆಯುವುದು ಬೇಡ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಳವ್ಯಾಸ 12 ಮಿ.ಮೀ. ಇರುವುದನ್ನು ಎರಡು ಮೀಟರ್ ತನ್ನಿ. ಅರ್ಧ ಲೀಟರಿನ ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳದಲ್ಲಿ ಪೈಪಿನ ಹೊರವ್ಯಾಸಕ್ಕಿಂತ ಕೂದಲೆಳೆ ಚಿಕ್ಕದಾದ ತೂತು ಮಾಡಿ ಪೈಪನ್ನು ಬಿಗಿಯಾಗಿ ತೂರಿಸಿ. ಸಂದಿ ಉಳಿದರೆ ಅಕ್ವೇರಿಯಂ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಔಷಧಿ ಬೆರೆಸಿದ ಸಿಲಿಕೋನ್ ಮಾತ್ರ ಬೇಡವೇ ಬೇಡ.

ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸ ಒಳ್ಳೆಯದಲ್ಲ. ಪೈಪನ್ನು ಪೂರ್ತಿ ತೊಟ್ಟಿಯೊಳಗೆ ಮುಳುಗಿಸಿ, ಗಾಳಿ ಗುಳ್ಳೆ ಹೋದ ಮೇಲೆ ಬಾಟಲಿ ಇಲ್ಲದ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರತಂದು, ನೆಲದ ಮೇಲಿನ ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರೆ ಹರಿಯುತ್ತದೆ. ಹೊರಗಿನ ತುದಿ ಎಷ್ಟು ತಗ್ಗಿನಲ್ಲಿದೆಯೋ ಅಷ್ಟು ವೇಗ. ಎರಡಡಿ ತಗ್ಗಿದ್ದರೆ ಹತ್ತು ಲೀಟರಿಗೆ ಒಂದೆರಡು ನಿಮಿಷ ಸಾಕು. ಬಾಟಲಿಯ ಕತ್ತರಿಸಿದ ತಳವನ್ನು ಕಲ್ಲಿನೊಳಗೆ ಊರಿದರೆ ಕಲ್ಲು ಅಲ್ಲೇ ಕುಣಿದು ಕೆಳಗೆ ಬೀಳುತ್ತದೆ, ಹಗುರವಾದ ಕೊಳೆ ಮಾತ್ರ ಮೇಲೆದ್ದು ಹೋಗುತ್ತದೆ. ಕಲ್ಲೂ ಮೇಲೇರಿದರೆ ಪೈಪನ್ನು ಸ್ವಲ್ಪ ಒತ್ತಿ ಹಿಡಿಯಿರಿ. ಒಂದು ವಾರಕ್ಕೆ ತಳದ ಮೂರನೇ ಒಂದು ಭಾಗ ಮಾತ್ರ. ಹೀಟರ್ ಇದ್ದರೆ ಕಾಲು ಗಂಟೆ ಮೊದಲೇ ಆರಿಸಬೇಕು, ಇಲ್ಲವಾದರೆ ನೀರು ಇಳಿದಾಗ ಹೀಟರಿನ ಬಿಸಿ ಗಾಜು ಬಿರಿಯಬಹುದು. ತಿಂಗಳಿಗೊಮ್ಮೆ ಫಿಲ್ಟರ್ ಸ್ಪಂಜನ್ನು ಬಕೆಟ್ಟಿಗೆ ಬಂದ ಆ ಹಳೆಯ ನೀರಿನಲ್ಲೇ ಹಿಂಡಿ. ಅದು ಬೆಳ್ಳಗಾಗಬೇಕಿಲ್ಲ, ನೀರು ಸರಾಗ ಹಾಯ್ದರೆ ಆಯಿತು.

ಹೊಸ ನೀರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದ್ದರೆ ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅಷ್ಟೇ ಸಾಕು ಪೆಟ್ಟು. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಏರ್ ಪಂಪಿನ ಕಲ್ಲು ಇಳಿಬಿಟ್ಟರೆ ಇನ್ನೂ ಬೇಗ. ಮುಚ್ಚಳ ಹಾಕಿದ ಓವರ್‌ಹೆಡ್ ಟ್ಯಾಂಕಿನಲ್ಲಿ ನಿಂತ ನೀರನ್ನು ಹಾಗೆ ನಂಬುವಂತಿಲ್ಲ. ಕಾಯಲು ಆಗದವರು ಸೋಡಿಯಂ ಥಯೋಸಲ್ಫೇಟ್ ಹರಳು, ಅಂಗಡಿಯವರ ಮಾತಲ್ಲಿ ಆಂಟಿ ಕ್ಲೋರಿನ್, 10 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಕರಗಿಸಿ ಬೆಳಕು ಬೀಳದ ಬಾಟಲಿಯಲ್ಲಿಡಲಿ. ಹತ್ತು ಲೀಟರ್ ಹೊಸ ನೀರಿಗೆ ಇದರ 1 ಮಿ.ಲೀ. ಸಾಕು. ಅಮೆರಿಕದ ಹಲವು ನಗರಗಳಂತೆ ಕ್ಲೋರಮೀನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಾಶಕ) ಬಳಸುವ ಕಡೆ ಇರುವ ಕನ್ನಡಿಗರು ಗಮನಿಸಬೇಕು: ಅದು ಒಂದು ದಿನ ತೆರೆದಿಟ್ಟರೆ ಹೋಗುವಂಥದ್ದಲ್ಲ, ಅದಕ್ಕೆಂದೇ ತಯಾರಾದ ಅಕ್ವೇರಿಯಂ ನೀರಿನ ಕಂಡಿಷನರ್ ಬೇಕು.

ಬೋರ್‌ವೆಲ್ ನೀರಿನ ತೊಂದರೆ ಬೇರೆ. ಕ್ಲೋರಿನ್ ಇಲ್ಲ, ಆದರೆ ಆಗಷ್ಟೇ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದಕ್ಕೂ ಕೆಲವು ಗಂಟೆ ಗಾಳಿಯಾಡಿಸಬೇಕು. ಬೆಂಗಳೂರು, ಕೋಲಾರದ ಕಡೆಯ ಗಡಸು ನೀರು ಗಪ್ಪಿ, ಮೋಲಿಗಳಿಗೆ ಒಗ್ಗುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ನೆಲದ ಬಾವಿ ನೀರು ಮೆದು, ಹುಳಿ ಅಂಶವೂ ಇರುತ್ತದೆ. ಅಲ್ಲಿ ತೊಳೆದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿನ ಚೂರುಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗಿಟ್ಟರೆ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ) ಕುಸಿಯುವುದು ತಪ್ಪುತ್ತದೆ.

ತಿಂಗಳುಗಟ್ಟಲೆ ನೀರು ಬದಲಿಸದೆ, ಆವಿಯಾದಷ್ಟನ್ನೇ ತುಂಬಿಸುತ್ತಾ ಬಂದ ತೊಟ್ಟಿಯದು ಬೇರೆಯೇ ಅಪಾಯ. ಆವಿಯಾಗುವುದು ನೀರು ಮಾತ್ರ, ಲವಣ ಮತ್ತು ನೈಟ್ರೇಟ್ ಅಲ್ಲೇ ಉಳಿಯುತ್ತವೆ. ಪಿಎಚ್ ಇಳಿದಿರುತ್ತದೆ, ಅಮೋನಿಯಾ ಹೆಚ್ಚು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಒಂದೇ ಸಲ ಅರ್ಧ ತೊಟ್ಟಿ ಗಡಸು ನೀರು ಸುರಿದಾಗ ಪಿಎಚ್ ಏರಿ ಅದು ಮತ್ತೆ ವಿಷವಾಗುತ್ತದೆ. 'ನೀರು ಬದಲಿಸಿದ್ದಕ್ಕೇ ಮೀನು ಸತ್ತವು' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಅಂಥ ತೊಟ್ಟಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಹತ್ತನೇ ಒಂದು ಭಾಗದಂತೆ ಎರಡು ವಾರ ಬದಲಿಸಿ, ಆಮೇಲೆ ವಾರದ ಕ್ರಮಕ್ಕೆ ಬನ್ನಿ.

ತುಂಬಿಸುವಾಗ ತಾಪಮಾನ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರೂ, ಡಿಸೆಂಬರ್ ಬೆಳಗಿನ ನೀರೂ ಈ ಮಿತಿ ಮೀರಿರುತ್ತವೆ. ಕೈ ಅದ್ದಿ ನೋಡಿದರೆ ತಿಳಿಯದು, ಥರ್ಮಾಮೀಟರ್ ಇಡಿ. ಬಕೆಟ್ ಎತ್ತಿ ಸುರಿಯಲಾಗದ ಹಿರಿಯರಿಗೆ ಏರ್ ಕೂಲರಿನ ಸಣ್ಣ ಪಂಪ್ ಹೇಳಿ ಮಾಡಿಸಿದ್ದು. ಅದರ ಮೇಲೆ ಬರೆದಿರುವ ಗರಿಷ್ಠ ಎತ್ತರ ನಿಮ್ಮ ತೊಟ್ಟಿಯ ಅಂಚಿಗಿಂತ ಎರಡಡಿಯಾದರೂ ಹೆಚ್ಚಿರಲಿ, ಅಂಚಿನ ಮಟ್ಟಕ್ಕೇ ಮುಗಿದರೆ ನೀರು ಬರುವುದಿಲ್ಲ. ಪೈಪಿನ ತುದಿ ತೊಟ್ಟಿಯ ನೀರಿನೊಳಗೆ ಮುಳುಗಿರಬಾರದು, ಮುಳುಗಿದ್ದರೆ ಪಂಪ್ ನಿಂತೊಡನೆ ನೀರು ಬಕೆಟ್ಟಿಗೆ ವಾಪಸ್ ಹರಿಯುತ್ತದೆ. ಬಕೆಟ್ ಖಾಲಿಯಾಗುವ ಮುನ್ನ ಪಂಪ್ ಆರಿಸಿ. ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ. ಈ ಬಕೆಟ್ಟಿಗೆ ಸೋಪು, ಫಿನಾಯಿಲ್ ತಾಗಬಾರದು.

ನೀರು ಪೋಲಾಗುತ್ತದೆಂಬ ಅಳುಕೂ ಬೇಡ. ವಾರಕ್ಕೆ 11 ಲೀಟರಿನಂತೆ ನಾಲ್ಕು ವಾರಕ್ಕೆ 44 ಲೀಟರ್. ಪೂರ್ತಿ ಖಾಲಿ ಮಾಡಿದರೆ 45, ಕಲ್ಲು ತೊಳೆಯುವ ಬಕೆಟ್ಟುಗಳು ಬೇರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ತೊಟ್ಟಿಯಿಂದ ತೆಗೆದ ನೈಟ್ರೇಟ್ ತುಂಬಿದ ನೀರು ಕುಂಡದ ಗಿಡಗಳಿಗೆ ಒಳ್ಳೆಯ ಗೊಬ್ಬರ. ಉಪ್ಪು ಅಥವಾ ಔಷಧಿ ಹಾಕಿದ್ದ ವಾರ ಮಾತ್ರ ಗಿಡಕ್ಕೆ ಹಾಕಬೇಡಿ.

ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಒಂದು ಕೋರಿಕೆ. ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕುವ ಹಿಂದಿನ ದಿನವೇ ನಿವಾಸಿಗಳಿಗೆ ತಿಳಿಸಿ. ಆಗ ನೀರಿನಲ್ಲಿರುವ ಕ್ಲೋರಿನ್‌ಗೆ ಮೇಲೆ ಹೇಳಿದ ಪ್ರಮಾಣದ ಹರಳು ಸಾಲುವುದಿಲ್ಲ. ಮುಂಚೆ ಗೊತ್ತಾದರೆ ಮೀನು ಸಾಕುವವರು ಒಂದು ಬಕೆಟ್ ನೀರು ಹಿಡಿದಿಟ್ಟುಕೊಳ್ಳಬಹುದು, ಇಲ್ಲವೇ ಆ ವಾರದ ಬದಲಾವಣೆಯನ್ನು ಮೂರು ನಾಲ್ಕು ದಿನ ಮುಂದೂಡಬಹುದು.

ಅಕ್ವೇರಿಯಂ ಹವ್ಯಾಸಿಗಳು, ಬೆಂಗಳೂರು