ಬೇಲಿ ನೋಡಲು ಇನ್ನು ದೀಪಾವಳಿಗಲ್ಲ, ಬೇಸಿಗೆಗೆ ಬರುತ್ತೇವೆ

ನಮ್ಮ ಬೇಲಿ ಗ್ರಾಹಕರೆಲ್ಲರಿಗೂ ನಮಸ್ಕಾರ.

ಸಾಗರ, ಹೊಸನಗರ ಕಡೆಯ ತೋಟಗಳಿಗೆ, ಹುಲ್ಲು ಬೆಳೆಯುವ ಬೇಣಗಳಿಗೆ ನಾವು ಹಾಕಿಕೊಟ್ಟ ಸೋಲಾರ್ ಬೇಲಿಗಳನ್ನು ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ ಬಂದು ನೋಡಿ ಹೋಗುತ್ತಿದ್ದೆವು. ಇನ್ನು ಮುಂದೆ ಶಿವರಾತ್ರಿ ಆದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ ಬರುತ್ತೇವೆ. ಯಾಕೆ ಅಂತ ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಹೋದ ಬೇಸಿಗೆಯಲ್ಲಿ ಬಂದ ಫೋನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ತಂತಿಗೆ ಶಾಕ್ ಕೊಡುವ ಮೆಷಿನ್ ಟಕ್ ಟಕ್ ಅನ್ನುತ್ತಿದೆ, ದನ ಮಾತ್ರ ಆರಾಮಾಗಿ ತಂತಿ ನುಸುಳಿ ತೋಟಕ್ಕೆ ಹೋಗುತ್ತಿವೆ. ಮೆಷಿನ್ ಬಿಚ್ಚಿ ತಂದು ನೋಡಿದರೆ ಏನೂ ಕೆಟ್ಟಿಲ್ಲ. ವಾಪಸ್ ಕೂರಿಸಿದರೆ ಮತ್ತೆ ಅದೇ ಕಥೆ. ಕೆಲವರಿಗೆ ಸುಮ್ನೆ ಹೊಸ ಬ್ಯಾಟರಿಯನ್ನೂ ಹಾಕಿಸಿಬಿಟ್ಟೆವು. ಆಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಅರ್ತಿಂಗ್‌ನಲ್ಲಿ, ಅಂದರೆ ಮೆಷಿನ್ನಿಂದ ನೆಲಕ್ಕೆ ಹುಗಿದ ಕಬ್ಬಿಣದ ಪೈಪಿನಲ್ಲಿ.

ಹಸು ತಂತಿ ಮುಟ್ಟಿದಾಗ ಕರೆಂಟ್ ಅದರ ಮೈಯಿಂದ ಕಾಲಿಗಿಳಿದು, ನೆಲದಲ್ಲಿ ಹರಿದು, ಅರ್ತಿಂಗ್ ಪೈಪಿನ ಮೂಲಕ ಮೆಷಿನ್ನಿಗೆ ಮರಳಬೇಕು. ಆ ಸುತ್ತು ಮುಗಿದರೆ ಮಾತ್ರ ಶಾಕ್. ದೀಪಾವಳಿ ಹೊತ್ತಿಗೆ ನೆಲ ಇನ್ನೂ ಹಸಿ. ಆಗ ಎರಡಡಿ ಪೈಪು ಹುಗಿದಿದ್ದರೂ ಮೀಟರ್ ಚೆನ್ನಾಗಿಯೇ ತೋರಿಸುತ್ತದೆ. ಮಾರ್ಚ್‌ಗೆ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗುತ್ತದೆ. ಮೇವೂ ಮುಗಿದಿರುತ್ತದೆ, ತೋಟದೊಳಗೆ ಮಾತ್ರ ಹಸಿರು. ದನಕ್ಕೆ ಬೇಲಿ ದಾಟುವ ಆಸೆ ಜಾಸ್ತಿ ಆಗುವುದೂ, ಬೇಲಿ ಸೋಲುವುದೂ ಒಂದೇ ತಿಂಗಳು. ನಾವೋ ನೆಲ ಹಸಿ ಇದ್ದಾಗ ನೋಡಿ "ಎಲ್ಲ ಸರಿ ಇದೆ" ಅಂತ ಬರೆದು ಬರುತ್ತಿದ್ದೆವು.

ಅದರಲ್ಲೂ ನಮ್ಮ ಕಡೆಯ ಗಿಡ್ಡ ತಳಿಯ ದನ, ಮಲೆನಾಡು ಗಿಡ್ಡದ ವಿಷಯ ನಿಮಗೆ ಹೇಳಬೇಕಿಲ್ಲ ಅಲ್ವಾ? ಒಂದು ದಿನ ತಂತಿ ಕಚ್ಚಲಿಲ್ಲ ಅಂತ ಗೊತ್ತಾದರೆ ಮರುದಿನ ಕೊಟ್ಟಿಗೆಯ ಅಷ್ಟೂ ದನ ಅದರ ಹಿಂದೆ. ಆಮೇಲೆ ಕರೆಂಟ್ ಸರಿ ಮಾಡಿದರೂ ಹೆದರಿಕೆ ಮತ್ತೆ ಕೂರಲು ದಿನ ಹಿಡಿಯುತ್ತದೆ.

ಹಾಗಾಗಿ ಇನ್ನು ಬಂದಾಗ ಮೊದಲ ಕೆಲಸ ಅರ್ತಿಂಗ್ ಪರೀಕ್ಷೆ. ಮೆಷಿನ್ ಆಫ್ ಮಾಡಿ, ಅಲ್ಲಿಂದ 100 ಮೀಟರ್ ಆಚೆ ತಂತಿಗೆ ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ತಾಗುವಂತೆ ಒರಗಿಸುತ್ತೇವೆ. ಮತ್ತೆ ಆನ್ ಮಾಡಿದಾಗ ತಂತಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಆ ಹೊತ್ತಿನಲ್ಲಿ ಅರ್ತಿಂಗ್ ಪೈಪಿಗೆ ಮೀಟರ್ ಇಟ್ಟರೆ 300 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಬಂದರೆ ಪೈಪು ಸಾಲದು ಅಂತ ಲೆಕ್ಕ.

ಸಾಲದಿದ್ದರೆ ಪೈಪು ಕೂಡಿಸುತ್ತೇವೆ. ಕಡಿಮೆ ಅಂದರೂ 3 ಬೇಕು, ಒಂದೊಂದೂ 6 ಅಡಿ ಆಳಕ್ಕೆ, ನಡುವೆ 10 ಅಡಿ ಅಂತರ. ಬಚ್ಚಲು ನೀರು ಹರಿಯುವ ಕಡೆ ಅಥವಾ ತೋಟದ ಕಾಲುವೆ ಬದಿ ಸಿಕ್ಕರೆ ಬಹಳ ಒಳ್ಳೆಯದು. ಆದರೆ ಮನೆಯ ಅರ್ತಿಂಗ್‌ನಿಂದ 30 ಅಡಿಯಾದರೂ ದೂರವಿರಬೇಕು. ಎಷ್ಟು ಹುಗಿದರೂ ಆಗದ ಒಣ ಬೇಣಗಳಿವೆ. ಅಲ್ಲಿ ತಂತಿಗಳನ್ನು ಒಂದು ಬಿಟ್ಟು ಒಂದರಂತೆ ಅರ್ತಿಂಗ್‌ಗೆ ಸೇರಿಸುತ್ತೇವೆ. ನುಸುಳಲು ಹೋದ ದನ ಎರಡೂ ತಂತಿ ಮುಟ್ಟುತ್ತದೆ, ನೆಲ ಒಣಗಿದ್ದರೂ ಶಾಕ್ ತಪ್ಪುವುದಿಲ್ಲ.

ವಾರ್ಷಿಕ ಶುಲ್ಕದಲ್ಲಿ ಬದಲಾವಣೆ ಇಲ್ಲ. ಹೊಸ ಪೈಪು, ಕ್ಲ್ಯಾಂಪಿನ ದುಡ್ಡು ನಿಮ್ಮದು, ಹುಗಿಯುವ ಕೂಲಿ ನಮ್ಮದು. ಹೋದ ವರ್ಷ ನಮ್ಮ ಮಾತು ಕೇಳಿ ಬೇಡದ ಬ್ಯಾಟರಿ ಹಾಕಿಸಿಕೊಂಡವರಿಗೆ ಈ ಸಲದ ಶುಲ್ಕವೇ ಇಲ್ಲ.

ಮಳೆಗಾಲದ ಕೆಲಸ ಮಾತ್ರ ನಿಮ್ಮ ಮೇಲೆ ಬೀಳುತ್ತದೆ. ಹುಲ್ಲು, ಬಳ್ಳಿ ತಂತಿಗೆ ತಾಗಿದಲ್ಲೆಲ್ಲ ಕರೆಂಟ್ ಸೋರುತ್ತದೆ. ಜುಲೈನಲ್ಲಿ ಬಿಸಿಲೇ ಇಲ್ಲ, ಪ್ಯಾನೆಲ್ ಎಷ್ಟು ಅಂತ ಚಾರ್ಜ್ ಮಾಡೀತು? ಹದಿನೈದು ದಿನಕ್ಕೊಮ್ಮೆಯಾದರೂ ಕಳೆ ಕೊಚ್ಚಿಸಿ. ಕರೆಂಟ್ ಇದೆಯಾ ಅಂತ ತಂತಿಗೆ ಹುಲ್ಲುಕಡ್ಡಿ ಹಿಡಿದು ನೋಡುವ ಅಭ್ಯಾಸ ಬಿಟ್ಟು ಒಂದು ಮೀಟರ್ ಇಟ್ಟುಕೊಳ್ಳಿ. ಬೇಲಿಯ ಕೊನೆಯಲ್ಲಿ 5,000 ವೋಲ್ಟ್ ಇದ್ದರೆ ನಿಶ್ಚಿಂತೆ. 3,000ಕ್ಕೆ ಇಳಿದರೆ ತಂತಿ ಉದ್ದಕ್ಕೂ ನಡೆದು ನೋಡಿ. ದಣಪೆಯ (ಗೇಟಿನ) ಅಡಿಯಲ್ಲಿ ಮನೆ ವೈರಿಂಗ್‌ನ ಸಾದಾ ವೈರು ಹುಗಿದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಅದನ್ನೇ. ಅಷ್ಟು ವೋಲ್ಟೇಜ್ ತಡೆಯುವ ಶಕ್ತಿ ಅದಕ್ಕಿಲ್ಲ.

ಇನ್ನೆರಡು ಮಾತು. ಮುಳ್ಳುತಂತಿಗೆ ಮೆಷಿನ್ ಕಟ್ಟಿಕೊಡಿ ಅಂತ ಕೇಳಬೇಡಿ. ಸಿಕ್ಕಿಬಿದ್ದ ಕರು ಬಿಡಿಸಿಕೊಳ್ಳಲಾಗದೆ ಸೆಕೆಂಡಿಗೊಮ್ಮೆ ಶಾಕ್ ತಿನ್ನುತ್ತಲೇ ಇರುತ್ತದೆ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಟ್ಟವರ ಜಾಗಕ್ಕೆ ನಾವು ಕಾಲಿಡುವುದಿಲ್ಲ. ಅದು ಅಪರಾಧ, ದನವನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ.

ನಿಮ್ಮ ಊರಿನ ಸರದಿ ಯಾವಾಗ ಅಂತ ಒಂದು ವಾರ ಮುಂಚೆ ಫೋನ್ ಮಾಡುತ್ತೇವೆ. ಅಷ್ಟರೊಳಗೆ ಅರ್ತಿಂಗ್ ಪೈಪು ಎಲ್ಲಿ ಹುಗಿದಿದ್ದೆವು ಅಂತ ಹುಡುಕಿಟ್ಟಿರಿ. ಕೆಲವು ಕಡೆ ನಮಗೇ ಮರೆತುಹೋಗಿದೆ.

ಇಂತಿ,
ನಿಮ್ಮ ಬೇಲಿ ಅಂಗಡಿಯವರು